ಹತ್ತು ಕಿಲೋ ಆರುನೂರ ಒಂಬತ್ತು ಗ್ರಾಂ

ಬುಧವಾರ ಬೆಳಿಗ್ಗೆ ಎಂಟೂವರೆಗೆ ನಮ್ಮ ಮನೆಗೆ ಬಂದ ಹೆಂಗಸು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದರು: "ಹತ್ತು ಕಿಲೋ ಕಾಳು ಕಳುವಾಗಿದೆ ಅಮ್ಮಾ."

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಯಾವ ಕಾಳು?"

"ಗಾಳಿ ತಿನ್ನೋ ಕಾಳು."

ನಾನು ತಿದ್ದುತ್ತಿದ್ದ ಕರಡಚ್ಚನ್ನು ಪಕ್ಕಕ್ಕಿಟ್ಟೆ. ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಧಿಕಾರಿಯಾಗಿದ್ದು, ಊರಿನ ಅಂಗಡಿಗಳ ತಕ್ಕಡಿಗಳನ್ನೆಲ್ಲ ನಡುಗಿಸಿ, ನಿವೃತ್ತರಾಗಿ ನನ್ನ ಜೊತೆ ಇದ್ದವರು. ನಿವೃತ್ತಿಯ ಮೇಲೆ ಜನ ಅವರ ಬಳಿ ಬಗೆಹರಿಯದ ಗೋಜಲುಗಳನ್ನು ತರತೊಡಗಿದರು. ಅವರು ಬಿಡಿಸುವುದು, ನಾನು ಬರೆದಿಡುವುದು, ಹೀಗೆ ನಮ್ಮ ಸಂಸಾರ ನಡೆದಿತ್ತು.

ಬಂದಾಕೆ ರಸಾಯನ ವಿಜ್ಞಾನಿ. ಹಳೆಯ ಬೇಕರಿ ಕಟ್ಟಡವೊಂದರಲ್ಲಿ ಅವರದೊಂದು ಪುಟ್ಟ ಪ್ರಯೋಗಶಾಲೆ. ಯಂತ್ರ ನಡೆಸುವವನು ಅವರ ತಮ್ಮ. ಅವನು ಕರೆಯುವಂತೆಯೇ ಅಲ್ಲಿ ಎಲ್ಲರಿಗೂ ಹೆಸರು ಬಿದ್ದಿತ್ತು: ಈಕೆ ಅಕ್ಕ, ಈಕೆಯ ಗಂಡ ಭಾವ, ಗುಡಿಸಿ ಒರೆಸುವ ಹೆಂಗಸು ದೊಡ್ಡಮ್ಮ. ನಾನೂ ಹಾಗೆಯೇ ಕರೆಯುತ್ತೇನೆ.

"ನಿಧಾನವಾಗಿ ಹೇಳಮ್ಮ. ನನಗೆ ಎಂಟನೇ ಕ್ಲಾಸಿನ ವಿಜ್ಞಾನ ಅಷ್ಟೇ ಗೊತ್ತಿರೋದು ಅಂದ್ಕೋ" ಎಂದರು ಅತ್ತೆ.

"ಗಾಳೀಲಿ ಕಾರ್ಬನ್ ಡೈಆಕ್ಸೈಡ್ ಇರುತ್ತಲ್ಲ, ಅದನ್ನ ಹಿಡಿಯೋ ಕಾಳು ಅಮ್ಮಾ. ಪಿಂಗಾಣಿ ಗುಂಡಿಗೆ ನಾನು ಮಾಡಿದ ಲೇಪ ಹಾಕಿರ್ತೀವಿ. ಹತ್ತು ಕಿಲೋ ಕಾಳನ್ನ ಒಂದು ಪೆಟ್ಟಿಗೇಲಿ ತುಂಬಿ, ಬೆಳಿಗ್ಗೆ ಎಂಟರಿಂದ ಫ್ಯಾನಿನಿಂದ ಗಾಳಿ ಬಿಡ್ತೀವಿ. ಸಂಜೆ ನಾಲ್ಕರ ಹೊತ್ತಿಗೆ ಕಾಳು ಹೊಟ್ಟೆ ತುಂಬ ತಿಂದು ಆರುನೂರು ಗ್ರಾಂ ಹತ್ತಿರ ತೂಕ ಏರಿರುತ್ತೆ. ಆಮೇಲೆ ಮುಚ್ಚಳ ಹಾಕಿ ಎರಡು ಗಂಟೆ ಕಾಯಿಸಿದರೆ ತಿಂದದ್ದನ್ನೆಲ್ಲ ಬಿಟ್ಟುಬಿಡುತ್ತೆ. ಮತ್ತೆ ಸರಿಯಾಗಿ ಹತ್ತು ಕಿಲೋ."

"ಬಿಟ್ಟ ಅನಿಲ ಎಲ್ಲಿಗೆ ಹೋಗುತ್ತೆ?"

"ನಮ್ಮೆಜಮಾನರ ಯಂತ್ರಕ್ಕೆ. ಅದರ ಜೊತೆ ಹೈಡ್ರೋಜನ್ ಸೇರಿಸಿ, ಬಿಸಿ ಮಾಡಿ, ಕ್ಯಾಟಲಿಸ್ಟ್, ಅಂದ್ರೆ ಅವೆರಡನ್ನೂ ಕೂಡಿಸೋ ಪುಡಿ, ಅದರ ಮೇಲೆ ಹಾಯಿಸ್ತಾರೆ. ಮೆಥನಾಲ್ ಬರುತ್ತೆ, ಒಲೆಗೆ ಎಂಜಿನ್ನಿಗೆ ಆಗೋ ಸ್ಪಿರಿಟ್ಟು. ಅದರ ಜೊತೆ ಮೂರರಲ್ಲೊಂದು ಪಾಲು ನೀರೂ ಬಂದೇ ಬರುತ್ತೆ, ತಪ್ಪಿಸೋಕಾಗಲ್ಲ. ಅದನ್ನ ಹಾಗೇ ಸೀಸೇಲಿ ಹಿಡಿದು, ತಾರೀಖು ಬರೆದು, ಕಪಾಟಿನಲ್ಲಿ ಇಡ್ತೀವಿ."

ಈ ಶನಿವಾರ ಪರೀಕ್ಷಕರು ಬರುವವರಿದ್ದರು. ಅವರು ಒಪ್ಪಿದರೆ ನೂರು ಪಟ್ಟು ದೊಡ್ಡ ಯಂತ್ರ ಕಟ್ಟಲು ಅನುಮತಿ. ಸೋಮವಾರ ಎಂದಿನಂತೆ ಫ್ಯಾನು ಹಾಕಿದರು. ಸಂಜೆ ನಾಲ್ಕಾದರೂ ತೂಕದ ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ. ಪೆಟ್ಟಿಗೆ ತೆರೆದು ಕಾಳು ಪರೀಕ್ಷಿಸಿದರೆ, ಯಾವ ಲೇಪವೂ ಇಲ್ಲದ ಬರೀ ಪಿಂಗಾಣಿ ಗುಂಡು. ನೋಡಲು ಒಂದೇ ಥರ. ಅಂಥ ಬರೀ ಗುಂಡಿನ ಮೂಟೆಗಳು ಉಗ್ರಾಣದಲ್ಲಿ ಎಷ್ಟೋ ಇದ್ದವು.

"ಶುಕ್ರವಾರ ಕೆಲಸ ನಡೆದಿತ್ತು, ಸೋಮವಾರ ನಡೀಲಿಲ್ಲ. ಶನಿವಾರ ಭಾನುವಾರ ಕಟ್ಟಡದ ಕೀಲಿ ಇದ್ದದ್ದು ದೊಡ್ಡಮ್ಮನ ಹತ್ರ. ನಾನೂ ನಮ್ಮೆಜಮಾನರೂ ನನ್ನ ತವರಿಗೆ ಹೋಗಿದ್ವಿ. ನಿನ್ನೆ ತಲೆ ಕೆಟ್ಟು ಪೊಲೀಸಿಗೆ ಹೇಳಿದೆ. ಅವರು ದೊಡ್ಡಮ್ಮನ ಮನೆ ಜಾಲಾಡಿದರು. ಒಂದು ಚೀಲದಲ್ಲಿ ಲೇಪದ ಕಾಳು ಸಿಕ್ತು, ಒಂದು ಹಿಡಿ."

"ಹತ್ತು ಕಿಲೋದಲ್ಲಿ ಒಂದು ಹಿಡಿ" ಎಂದರು ಅತ್ತೆ. "ನಿನಗೆ ಅವರ ಮೇಲೆ ಅನುಮಾನ ಇದ್ದಿದ್ರೆ ನನ್ನ ಹತ್ರ ಬರ್ತಿರಲಿಲ್ಲ."

ಅಕ್ಕ ತಲೆ ತಗ್ಗಿಸಿದರು. "ಹನ್ನೊಂದು ವರ್ಷದಿಂದ ಇದ್ದಾರೆ. ನಿನ್ನೆ ನನ್ನ ಮುಖ ನೋಡಿದರು, ಒಂದು ಮಾತೂ ಆಡಲಿಲ್ಲ."

ಹತ್ತು ಗಂಟೆಗೆ ನಾವು ಆ ಹಳೇ ಬೇಕರಿಯಲ್ಲಿದ್ದೆವು. ಗೋಡೆಗಳಿಗೆ ಹಳೆಯ ಹೊಗೆಯ ಬಣ್ಣ, ಮಧ್ಯದಲ್ಲಿ ಟ್ರಂಕಿನಷ್ಟು ದೊಡ್ಡ ಲೋಹದ ಪೆಟ್ಟಿಗೆ, ಅದರ ಕೆಳಗೆ ಮುಳ್ಳಿನ ತೂಕದ ಹಲಗೆ. ಎಡಕ್ಕೆ ಉಗ್ರಾಣ. ಬಲಕ್ಕೆ ಗಾಜಿನ ಬಾಗಿಲಿನ ಹಿಂದೆ ಭಾವನ ಕೋಣೆ: ಕೊಳವೆಗಳು, ನೀಲಿ ಪೀಪಾಯಿಗಳು, ಕಪಾಟಿನ ತುಂಬ ತಾರೀಖು ಬರೆದ ಸೀಸೆಗಳು.

ಭಾವ ತೆಳ್ಳಗಿನ, ಮೃದು ಮಾತಿನ ಮನುಷ್ಯ. ಅತ್ತೆಗೆ ಕುರ್ಚಿ ತಂದು ಹಾಕಿ, "ದಯವಿಟ್ಟು ದೊಡ್ಡಮ್ಮನನ್ನ ಈ ರಗಳೆಯಿಂದ ಬಿಡಿಸಿ" ಎಂದರು. ಅವರ ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪಿತ್ತು. ತಮ್ಮ ಮಾತ್ರ ಎಗರಾಡುತ್ತಿದ್ದ. "ಯಾರೇ ಮಾಡಿರಲಿ, ಅಕ್ಕನ ಏಳು ವರ್ಷದ ಕೆಲಸಕ್ಕೆ ಕಲ್ಲು ಹಾಕಿದ್ದಾರೆ!"

"ಈ ಮುಳ್ಳು ಪೆಟ್ಟಿಗೆಯ ಪೂರ್ತಿ ತೂಕ ತೋರಿಸುತ್ತಾ?" ಅತ್ತೆ ಕೇಳಿದರು.

"ಇಲ್ಲ. ದಿನಾ ಬೆಳಿಗ್ಗೆ ಎಲ್ಲಿ ನಿಂತಿದೆ ಅಂತ ನೋಡದೆ ಸೊನ್ನೆಗೆ ತಿರುಗಿಸ್ತೀನಿ" ಎಂದ ತಮ್ಮ. "ಏರಿದ್ದು ಎಷ್ಟು ಅಂತ ಮಾತ್ರ ನೋಡೋದು."

"ಹಾಗಾದ್ರೆ ಈ ಸುಳ್ಳು ಕಾಳು ಎಷ್ಟು ತೂಗುತ್ತೆ ಅಂತ ಯಾರೂ ನೋಡಿಲ್ಲ."

"ಅದನ್ನ ತೂಗಿ ಏನು ಮಾಡೋದು?" ಎಂದ.

ಅತ್ತೆ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. ಲೇಪದ ಕಾಳು ಎಲ್ಲಿಯವರೆಗೆ ಬರುತ್ತಿತ್ತು ಎಂಬುದಕ್ಕೆ ಒಳಗೋಡೆಯಲ್ಲಿ ಗೆರೆಯೊಂದಿತ್ತು. ಈಗಿನ ಕಾಳು ಆ ಗೆರೆಗಿಂತ ಒಂದು ಬೆರಳು ಮೇಲೆ ನಿಂತಿತ್ತು. "ಬರೀ ಗುಂಡು ಹಗುರ, ಅದಕ್ಕೇ ಜಾಸ್ತಿ ಜಾಗ ತಿಂದಿದೆ" ಎಂದು ಅಕ್ಕ ವಿವರಿಸಿದರು. ಅತ್ತೆ ಎಲ್ಲವನ್ನೂ ಬೋಗುಣಿಗಳಿಗೆ ಸುರಿಸಿ, ಮನೆಯಿಂದ ತಂದಿದ್ದ ತೂಕದ ಬಟ್ಟುಗಳಿಂದ ಅಲ್ಲಿಯ ತಕ್ಕಡಿಯನ್ನು ಮೊದಲು ಪರೀಕ್ಷಿಸಿ, ಆಮೇಲೆ ತೂಗಿದರು. ಎರಡು ಸಲ ತೂಗಿದರು. ಎರಡು ಸಲವೂ ಬಂದದ್ದು ಹತ್ತು ಕಿಲೋ ಆರುನೂರ ಒಂಬತ್ತು ಗ್ರಾಂ.

"ಬರ್ಕೋ" ಎಂದರು ನನಗೆ.

ಆಮೇಲೆ ದಿನಚರಿ ಪುಸ್ತಕ. ದಿನಕ್ಕೆ ಎರಡು ಅಂಕಿ: ನಾಲ್ಕಕ್ಕೆ ಕಾಳು ಏರಿದ ತೂಕ, ಆರಕ್ಕೆ ಬಿಟ್ಟ ಅನಿಲ. ಹೋದ ವಾರದ ಬುಧವಾರ 604, 601. ಗುರುವಾರ 587, 585. ಶುಕ್ರವಾರ 612, 608. ಸೋಮವಾರ ಸೊನ್ನೆ. ಎಲ್ಲ ತಮ್ಮನ ಕೈಬರಹ. ಪುಟದ ಗುರುತಿಗೆ ಅವನು ಮಗಳ ಈಜು ಸ್ಪರ್ಧೆಯ ಚೀಟಿ ಇಟ್ಟಿದ್ದ, ಅತ್ತೆ ಅದನ್ನೂ ತಿರುಗಿಸಿ ನೋಡಿದರು. ಕರಡು ತಿದ್ದಿ ತಿದ್ದಿ ನನ್ನ ಕಣ್ಣಿಗೆ ಒಂದು ಕೆಟ್ಟ ಚಾಳಿ ಅಂಟಿದೆ: ಏನು ಬರೆದಿದೆ ಎನ್ನುವುದಕ್ಕಿಂತ ಹೇಗೆ ಬರೆದಿದೆ ಎನ್ನುವುದು ಮೊದಲು ಕಾಣುತ್ತದೆ. ಶುಕ್ರವಾರದ 612 ಕಪ್ಪು ಶಾಯಿಯಲ್ಲಿತ್ತು, ಹಿಂದಿನ ಎಲ್ಲ ಅಂಕಿಗಳ ಹಾಗೆ. 608 ಮಾತ್ರ ನೀಲಿ. ಸೋಮವಾರದ ಸೊನ್ನೆಯೂ ನೀಲಿ. ಅತ್ತೆಯ ಕಿವಿಯಲ್ಲಿ ಹೇಳಿದೆ. ಅವರು ನನ್ನ ಬೆನ್ನು ತಟ್ಟಿದರು.

"ಶುಕ್ರವಾರ ಆರು ಗಂಟೆಗೆ ನೀನು ಇಲ್ಲೇ ಇದ್ದೆಯೇನಪ್ಪ?" ಎಂದು ತಮ್ಮನನ್ನು ಕೇಳಿದರು.

ಅವನು ಅಕ್ಕನ ಕಡೆ ಒಮ್ಮೆ ನೋಡಿ, "ಇನ್ನೆಲ್ಲಿ ಇರ್ತೀನಿ?" ಎಂದ. ಅಕ್ಕ ಅಂದು ಮೂರರಿಂದ ಆರೂವರೆಯವರೆಗೆ ಪರೀಕ್ಷಕರ ಕಚೇರಿಯಲ್ಲಿ ಕಾಗದಪತ್ರ ತುಂಬಿಸುತ್ತಿದ್ದರು.

ಹೊರಡುವ ಮುಂಚೆ ಅತ್ತೆ ಭಾವನ ಕಪಾಟಿನಿಂದ ಇಪ್ಪತ್ತು ಸೀಸೆಗಳನ್ನು ಇಳಿಸಿ, ಪ್ರತಿಯೊಂದರಿಂದಲೂ ನೂರು ಮಿಲಿಲೀಟರ್ ಅಳೆದು ತೂಗಿದರು. ಭಾವ ಆಗ ಊಟಕ್ಕೆ ಹೋಗಿದ್ದರು. ಹಳೆಯ ಸೀಸೆಗಳದ್ದು ಎಂಬತ್ತೆಂಟು, ಎಂಬತ್ತೊಂಬತ್ತು ಗ್ರಾಂ. ಈಚಿನ ಆರು ವಾರದವು ಎಪ್ಪತ್ತೊಂಬತ್ತು. ಶುಕ್ರವಾರದ ಚೀಟಿ ಅಂಟಿಸಿದ್ದ ಸೀಸೆಯೂ ಭರ್ತಿಯಾಗಿತ್ತು. ಅದೂ ಎಪ್ಪತ್ತೊಂಬತ್ತೇ.

"ಸ್ಪಿರಿಟ್ ಕಳುವಾಗಿಲ್ಲವಲ್ಲ ಅತ್ತೆ, ಇದ್ಯಾಕೆ?" ಎಂದೆ.

"ಕೈ ತುರಿಸ್ತಿತ್ತು" ಎಂದರು.

ದೊಡ್ಡಮ್ಮನ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿತ್ತು. ಎರಡು ಕೋಣೆ. ಮೆಟ್ಟಿಲು ಹತ್ತುವಾಗ ಬಾಗಿಲುಗಳು ಒಂದೊಂದಾಗಿ ಸಂದಿಯಷ್ಟು ತೆರೆದು ಮುಚ್ಚಿಕೊಂಡವು. ಪೊಲೀಸರು ಸುರಿದಿದ್ದ ಡಬ್ಬಗಳನ್ನು ಸೊಸೆ ಇನ್ನೂ ಜೋಡಿಸುತ್ತಿದ್ದಳು. ದೊಡ್ಡಮ್ಮ ಗೋಡೆಗೆ ಒರಗಿ ಕೂತಿದ್ದರು.

"ಆ ಚೀಲ ನಿಮ್ಮದೇನಮ್ಮ?" ಅತ್ತೆ ನೆಲದ ಮೇಲೇ ಕೂತು ಕೇಳಿದರು.

"ನಂದೇ. ಗುಡಿಸುವಾಗ ಸಿಕ್ಕಿದ ಪುಡಿ, ಒಂದೊಂದು ಕಾಳು. ಚಪ್ಪಲಿ ಗೂಡಿನ ವಾಸನೆಗೆ ಒಳ್ಳೇದು ಅಂತ ತರ್ತಿದ್ದೆ. ಕಸ ತಾನೇ? ಕಸಕ್ಕೂ ಕಳ್ಳತನ ಅಂತಾರಾ?"

"ಕೊನೇ ಸಲ ಯಾವಾಗ ಸಿಕ್ತು?"

"ಶುಕ್ರವಾರ ಐದೂವರೆಗೆ. ಪೆಟ್ಟಿಗೆ ಪಕ್ಕ ಒಂದು ಚಿಟಿಕೆ ಕಾಳು ಚೆಲ್ಲಿತ್ತು. ಪೊಲೀಸರಿಗೂ ಹೇಳಿದೆ. ಶುಕ್ರವಾರ ಪೆಟ್ಟಿಗೆ ಯಾರೂ ತೆಗೆದಿಲ್ಲ, ನೀನು ಸುಳ್ಳು ಹೇಳ್ತೀಯ ಅಂದ್ರು."

"ಆಗ ಯಾರಿದ್ರು?"

"ಗಾಜಿನ ಬಾಗಿಲ ಹಿಂದೆ ದೀಪ ಇತ್ತು. ಬಗ್ಗಿ ಗುಡಿಸೋಳಿಗೆ ಯಾರ ಮುಖ ಕಾಣುತ್ತೆ ತಾಯಿ?"

ಕೆಳಗಿಳಿಯುವಾಗ ಅತ್ತೆ, "ಬೇರೆ ಕೇಸುಗಳಲ್ಲಿ ಯಾರು ಮಾಡಿದ್ದು ಅಂತ ಹುಡುಕ್ತೀವಿ. ಇಲ್ಲಿ ಯಾವಾಗ ಅಂತ ತಿಳಿದರೆ ಸಾಕು" ಎಂದರು. ಗುರುವಾರವಿಡೀ ಅವರು ಮಾಡಿದ್ದು ಎರಡೇ ಕೆಲಸ. ಈಜುಕೊಳವೊಂದಕ್ಕೆ ಫೋನು, ಆಮೇಲೆ ನಿದ್ದೆ.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಬೇಕರಿಯಲ್ಲಿ ಸೇರಿದೆವು. ಅಕ್ಕ, ಭಾವ, ತಮ್ಮ, ಕೇಸು ಹಿಡಿದಿದ್ದ ಸಬ್ ಇನ್ಸ್‌ಪೆಕ್ಟರ್. ದೊಡ್ಡಮ್ಮ ಬರಲು ಒಪ್ಪಿರಲಿಲ್ಲ. ನಾನೇ ಹೋಗಿ ಕೈಹಿಡಿದು ಕರೆತಂದಿದ್ದೆ. ಅವರು ಬಾಗಿಲ ಬಳಿಯೇ ನಿಂತರು.

"ಕಾಳು ಬದಲಾಯಿಸಿದವರು ಜಾಣರು" ಎಂದು ಅತ್ತೆ ಶುರುಮಾಡಿದರು. "ತೂಕ ಹೆಚ್ಚುಕಡಿಮೆ ಆದರೆ ಗೊತ್ತಾಗಿಬಿಡುತ್ತೆ ಅಂತ, ತೆಗೆದದ್ದು ಎಷ್ಟೋ ಅಷ್ಟೇ ತೂಗಿ ಹಾಕಿದ್ದಾರೆ. ಗೆರೆ ನೋಡಿ ತುಂಬಿದ್ರೆ ಒಂದು ಬೆರಳು ಮೇಲೆ ಬರ್ತಿರಲಿಲ್ಲ. ಹಾಕಿದ್ದು ಹತ್ತು ಕಿಲೋ ಆರುನೂರ ಒಂಬತ್ತು ಗ್ರಾಂ. ಹೇಳಮ್ಮ, ಶನಿವಾರ ಭಾನುವಾರ ಪೆಟ್ಟಿಗೆಯಲ್ಲಿ ನಿನ್ನ ಕಾಳು ಎಷ್ಟು ತೂಗಬೇಕಿತ್ತು?"

"ಸರಿಯಾಗಿ ಹತ್ತು. ಕಾಯಿಸಿ ಮುಚ್ಚಿಟ್ಟ ಮೇಲೆ ಗಾಳಿ ತಾಗಲ್ಲ…" ಅಕ್ಕನ ಮಾತು ಅಲ್ಲಿಗೇ ನಿಂತಿತು.

"ಮತ್ತೆ ಆರುನೂರು ಗ್ರಾಂ ಎಲ್ಲಿಂದ ಬಂತು? ತೆಗೆದಾಗ ಕಾಳಿನ ಹೊಟ್ಟೆ ತುಂಬಿತ್ತು. ನಾಲ್ಕು ಗಂಟೆ ಆಗಿತ್ತು, ಆದರೆ ಇನ್ನೂ ಕಾಯಿಸಿರಲಿಲ್ಲ. ಯಾವ ದಿನ? ಪುಸ್ತಕ ಹೇಳುತ್ತೆ. ಹೋದ ವಾರ ಬುಧವಾರ ಏರಿದ್ದು ಆರುನೂರ ನಾಲ್ಕು, ಗುರುವಾರ ಐನೂರ ಎಂಬತ್ತೇಳು, ಶುಕ್ರವಾರ ಆರುನೂರ ಹನ್ನೆರಡು. ಹನ್ನೆರಡಕ್ಕೂ ಒಂಬತ್ತಕ್ಕೂ ಮೂರು ಗ್ರಾಂ ವ್ಯತ್ಯಾಸ. ಆ ಮೂರು ಗ್ರಾಂ ಸುರಿಯುವಾಗ ನೆಲಕ್ಕೆ ಚೆಲ್ಲಿತು. ಐದೂವರೆಗೆ ಈ ತಾಯಿ ಅದನ್ನ ಗುಡಿಸಿದರು. ಇವರು ನಿಜ ಹೇಳಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ."

ಸಬ್ ಇನ್ಸ್‌ಪೆಕ್ಟರ್ ಕೆಮ್ಮಿದರು. "ಆದರೆ ಹೋದ ಶುಕ್ರವಾರ ಆರಕ್ಕೆ ಆರುನೂರ ಎಂಟು ಗ್ರಾಂ ಅನಿಲ ಬಂದಿದೆಯಲ್ಲ ಮೇಡಂ? ಸುಳ್ಳು ಕಾಳು ಅನಿಲ ಬಿಡುತ್ತಾ?"

"ಬಿಡಲ್ಲ. ಆ ಅಂಕಿ ಸುಳ್ಳು. ಶುಕ್ರವಾರ ಬರೆದದ್ದೂ ಅಲ್ಲ, ಶಾಯಿ ಬೇರೆ. ಏನಪ್ಪ ತಮ್ಮ, ನಿನ್ನ ಮಗಳು ಎಷ್ಟನೆಯವಳಾಗಿ ಬಂದಳು?"

ತಮ್ಮನ ಮುಖ ಕೆಂಪಾಯಿತು. "ಎರಡನೆಯವಳು. ಈಜು ಸ್ಪರ್ಧೆ ನಾಲ್ಕೂಕಾಲಿಗೆ ಇತ್ತು. ಬೇಗ ಹೋದದ್ದಕ್ಕೆ ಅಕ್ಕ ಆಗಲೇ ಎರಡು ಸಲ ಬೈದಿದ್ದಳು. ಮುಳ್ಳು ನೋಡಿ ಬರೆದು, ಕಾಯಿಸೋದನ್ನ ಭಾವಂಗೆ ಹೇಳಿ ಓಡಿದೆ. ಸೋಮವಾರ ಬೆಳಿಗ್ಗೆ ಎಷ್ಟು ಬಂತು ಅಂತ ಕೇಳಿದೆ. ಆರುನೂರ ಎಂಟು ಅಂದ್ರು, ಬರ್ಕೊಂಡೆ."

ಅಕ್ಕ ಗಂಡನ ಕಡೆ ತಿರುಗಲಿಲ್ಲ. ತೂಕದ ಮುಳ್ಳನ್ನೇ ನೋಡುತ್ತಿದ್ದರು.

"ನಾಲ್ಕೂಕಾಲಿಗೆ ತಮ್ಮ ಈಜುಕೊಳದ ಕಟ್ಟೆ ಮೇಲೆ ಕೂತಿದ್ದ, ಅಲ್ಲಿನವರು ನೆನಪಿಟ್ಟಿದ್ದಾರೆ" ಎಂದು ಅತ್ತೆ ಮುಂದುವರಿಸಿದರು. "ಕಾಳು ಅವನೇ ಬದಲಾಯಿಸಿ ಹೋಗಿದ್ದ ಅಂತಲೇ ಇಟ್ಕೊಳ್ಳಿ. ಆಗ ಭಾವನಿಗೆ ಅನಿಲ ಬರ್ತಿರಲಿಲ್ಲ, ಅವರು ಕೂಗಾಡಬೇಕಿತ್ತು. ಕೂಗಾಡಲಿಲ್ಲ, ಅಂಕಿ ಕಟ್ಟಿ ಹೇಳಿದರು. ಅಷ್ಟೇ ಅಲ್ಲ, ಇಲ್ಲದ ಅನಿಲದಿಂದ ಒಂದು ಸೀಸೆ ಸ್ಪಿರಿಟ್ ತೆಗೆದು ಚೀಟಿ ಅಂಟಿಸಿದರು. ಅದನ್ನ ತೂಗಿದಾಗ ನನಗೆ ಕಾರಣವೂ ಸಿಕ್ತು. ಈ ಯಂತ್ರದಿಂದ ಬರೋ ಸ್ಪಿರಿಟ್ಟಿನಲ್ಲಿ ನೀರು ಇರಲೇಬೇಕು. ಹಳೇ ಸೀಸೆಗಳಲ್ಲಿ ಇದೆ, ಅದಕ್ಕೇ ಅವು ಹೆಚ್ಚು ತೂಗಿದವು. ಆರು ವಾರದಿಂದ ಈಚೆಗಿನದರಲ್ಲಿ ಒಂದು ತೊಟ್ಟೂ ಇಲ್ಲ. ಅಂಗಡಿಯ ಶುದ್ಧ ಸರಕು ಅದು." ಅವರು ಭಾವನ ಕಡೆ ತಿರುಗಿದರು. "ನೀರು ಬೆರೆಸಿದವರನ್ನ ಮೂವತ್ತೊಂದು ವರ್ಷ ಹಿಡಿದಿದ್ದೀನಪ್ಪ. ನೀರು ಬೆರೆಸದೆ ಸಿಕ್ಕಿಬಿದ್ದವರು ನೀವೊಬ್ಬರೇ."

ಭಾವ ತಾವೇ ತಂದು ಹಾಕಿದ್ದ ಕುರ್ಚಿಯಲ್ಲಿ ಕುಸಿದರು. "ಕ್ಯಾಟಲಿಸ್ಟ್ ಸತ್ತುಹೋಯ್ತು" ಎಂದರು. "ಆರು ವಾರದ ಹಿಂದೆ. ಏನು ಮಾಡಿದ್ರೂ ಜೀವ ಬರಲಿಲ್ಲ. ನಾಳೆ ಸರಿಹೋಗುತ್ತೆ ಅಂತ ಒಂದು ದಿನ ಸೀಸೆ ತುಂಬಿಸಿದೆ. ಆಮೇಲೆ ದಿನಾ. ಶನಿವಾರ ಪರೀಕ್ಷಕರ ಮುಂದೆ ಬಯಲಾಗುತ್ತೆ. ಕಾಳೇ ಕೈಕೊಟ್ಟರೆ ಪರೀಕ್ಷೆ ಮುಂದಕ್ಕೆ ಹೋಗುತ್ತೆ, ನನಗೆ ಸ್ವಲ್ಪ ಟೈಮು ಸಿಗುತ್ತೆ ಅಂದ್ಕೊಂಡೆ. ಕಾಳು ಹಾಳು ಮಾಡಿಲ್ಲ. ನನ್ನ ಕೋಣೆಯ ನೀಲಿ ಪೀಪಾಯಿಯಲ್ಲಿ, ಗಾಳಿಯಾಡದ ಹಾಗೆ ಮುಚ್ಚಿಟ್ಟಿದ್ದೀನಿ."

"ಕಾಯಿಸಿ ತೆಗೆದಿದ್ರೆ ನಿಮ್ಮ ತೂಕ ಸರಿಹೋಗ್ತಿತ್ತು" ಎಂದರು ಅತ್ತೆ.

"ಎರಡು ಗಂಟೆ ಬೇಕಿತ್ತು. ಐದೂವರೆಗೆ ದೊಡ್ಡಮ್ಮ ಬರ್ತಾರೆ ಅಂತ ಗೊತ್ತಿತ್ತು. ಗಾಬರೀಲಿ ತೆಗೆದಷ್ಟು ಹಾಕಿದೆ."

ಆಗ ಅಕ್ಕ ಮೊದಲ ಸಲ ಗಂಡನನ್ನು ನೋಡಿದರು. "ಆರು ವಾರ ನಾನು ಹಿಡಿದು ಕೊಟ್ಟ ಅನಿಲ?"

ಭಾವ ಗಾಜಿನ ಬಾಗಿಲ ಕಡೆ ನೋಡಿದರು. "ಕಿಟಕಿಯಿಂದ ಹೊರಗೆ ಬಿಟ್ಟೆ."

ಅಕ್ಕ ನಕ್ಕರೋ ಬಿಕ್ಕಿದರೋ ನನಗೆ ತಿಳಿಯಲಿಲ್ಲ. "ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ? ನನ್ನ ಕಾಳು ನಲವತ್ತು ಸಲ ಕೆಟ್ಟಿದೆ. ಪ್ರತಿ ಸಲವೂ ನಿಮ್ಮ ಹತ್ರ ಬಂದು ಅತ್ತಿದ್ದೀನಿ."

"ಅದಕ್ಕೇ ಹೇಳೋಕಾಗಲಿಲ್ಲ."

"ಅದು ಹೋಗಲಿ. ಮಂಗಳವಾರ ಇವರ ಮನೆಗೆ ಪೊಲೀಸರು ಹೋಗುವಾಗ ನೀವು ಇಲ್ಲೇ ನಿಂತಿದ್ರಿ. ಆಗಲೂ ಬಾಯಿ ಬಿಡಲಿಲ್ಲ."

ಬಾಗಿಲ ಬಳಿಯಿಂದ ದೊಡ್ಡಮ್ಮ ಮಾತಾಡಿದರು. "ಹನ್ನೊಂದು ವರ್ಷ ಎಲ್ಲರೂ ದೊಡ್ಡಮ್ಮ ಅಂತ ಕರೆದ್ರಿ. ನಾನು ಅದನ್ನ ನಿಜ ಅಂದ್ಕೊಂಡಿದ್ದೆ." ಅಷ್ಟು ಹೇಳಿ ಮೆಟ್ಟಿಲಿಳಿದು ಹೋದರು. ತಮ್ಮ ಅವರ ಹಿಂದೆ ಓಡಿದ, ಒಬ್ಬನೇ ವಾಪಸು ಬಂದ.

ಅಂದೇ ಮಧ್ಯಾಹ್ನ ಭಾವ ಠಾಣೆಯಲ್ಲಿ ಹೇಳಿಕೆ ಬರೆದುಕೊಟ್ಟರು. ಅಕ್ಕ ದೂರು ಹಿಂದಕ್ಕೆ ಪಡೆದರು. ಸಬ್ ಇನ್ಸ್‌ಪೆಕ್ಟರ್ ಗಂಡನಿಗೂ ಹೆಂಡತಿಗೂ ಸೇರಿಸಿ ಅರ್ಧ ಗಂಟೆ ಉಪದೇಶ ಮಾಡಿದರಂತೆ. ಪೀಪಾಯಿಯ ಕಾಳನ್ನು ಅತ್ತೆ ತೂಗಿದರು, ಅದು ಪೆಟ್ಟಿಗೆಗೆ ಮರಳಿ, ಕಾದು, ಹೊಟ್ಟೆ ಖಾಲಿ ಮಾಡಿಕೊಂಡಿತು. ಶನಿವಾರ ಪರೀಕ್ಷಕರ ಎದುರು ಮುಳ್ಳು ಆರುನೂರ ಮೂರಕ್ಕೆ ಏರಿ ನಿಂತಿತು. ಮುಂದಿನ ಯಂತ್ರ ತೋರಿಸಿ ಎಂದಾಗ ಭಾವ ಗಾಜಿನ ಬಾಗಿಲು ತೆರೆದು, "ಇದು ಆರು ವಾರದಿಂದ ಕೆಲಸ ಮಾಡ್ತಿಲ್ಲ. ಕಪಾಟಿನಲ್ಲಿರೋ ಈಚಿನ ಸೀಸೆಗಳು ಅಂಗಡಿಯವು, ಲೆಕ್ಕಕ್ಕೆ ಹಿಡೀಬೇಡಿ" ಎಂದರು. ಪರೀಕ್ಷಕರು ಗಾಳಿ ಹಿಡಿಯುವ ಭಾಗವನ್ನು ಒಪ್ಪಿದರು. ಅದನ್ನು ಸ್ಪಿರಿಟ್ ಮಾಡುವ ಭಾಗಕ್ಕೆ ಒಂದು ವರ್ಷದ ಗಡುವು ಕೊಟ್ಟರು. ದೊಡ್ಡ ಯಂತ್ರದ ಮಾತು ಅಲ್ಲಿಯವರೆಗೆ ಇಲ್ಲ.

ಭಾನುವಾರ ಬೆಳಿಗ್ಗೆ ಅಕ್ಕ ಫೋನು ಮಾಡಿ ಅತ್ತೆಯನ್ನೂ ನನ್ನನ್ನೂ ಸೈಕಲ್ ಅಂಗಡಿಯ ಹತ್ತಿರ ಬರಹೇಳಿದರು. ಭಾವ ಒಬ್ಬರೇ ಮೇಲೆ ಹೋಗಿದ್ದರು. ನಾವು ಮೂವರೂ ಮೆಟ್ಟಿಲ ಬುಡದಲ್ಲಿ ನಿಂತೆವು. ಮೂರನೇ ಮಹಡಿಯಿಂದ ಅವರ ಸಣ್ಣ ದನಿ ಕೇಳಿಸಿತು, ಆಮೇಲೆ ದೊಡ್ಡಮ್ಮನದು:

"ನನಗೆ ಹೇಳಿ ಏನು ಬಂತು? ನಾನು ಕದ್ದಿಲ್ಲ ಅಂತ ನನಗೆ ಗೊತ್ತಿಲ್ವಾ? ಈ ಬಾಗಿಲುಗಳಿಗೆ ಹೇಳಿ."

ಭಾವ ಹೇಳಿದರು. ಒಂದೊಂದೇ ಬಾಗಿಲು ತಟ್ಟಿ, "ಕದ್ದವನು ನಾನು, ಅವರಲ್ಲ" ಎಂದು ಹೇಳುತ್ತ ಮಹಡಿಯಿಂದ ಮಹಡಿಗೆ ಇಳಿದರು. ದೊಡ್ಡಮ್ಮ ಹಿಂದೆಯೇ ಇಳಿಯುತ್ತಿದ್ದರು. ಒಟ್ಟು ಹನ್ನೊಂದು ಬಾಗಿಲು. ಕೆಳಗಿನ ಕೊನೆಯ ಬಾಗಿಲಲ್ಲಿ ಒಬ್ಬ ಮುದುಕರು ಕಿವಿಗೆ ಕೈ ಅಡ್ಡ ಇಟ್ಟು, "ಏನಂದೆ?" ಎಂದರು.

"ಅವರಿಗೆ ಸರಿಯಾಗಿ ಕೇಳ್ಸಲ್ಲ, ಗಟ್ಟಿಯಾಗಿ" ಎಂದರು ದೊಡ್ಡಮ್ಮ.

ಭಾವ ಗಟ್ಟಿಯಾಗಿ ಹೇಳಿದರು. ಸೈಕಲ್ ಅಂಗಡಿಯವನು ಪಂಪು ಒತ್ತುವುದನ್ನು ನಿಲ್ಲಿಸಿ ನೋಡಿದ. ರಸ್ತೆಯ ಆಚೆ ಬದಿಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿದರು. ಮುದುಕರು ತಲೆಯಾಡಿಸಿ ಬಾಗಿಲು ಹಾಕಿಕೊಂಡರು.

"ಬುಧವಾರದಿಂದ ಬರ್ತೀನಿ" ಎಂದರು ದೊಡ್ಡಮ್ಮ ಅಕ್ಕನಿಗೆ. "ನಾಳೆ, ನಾಡಿದ್ದು ಡಬ್ಬ ಜೋಡಿಸೋದಿದೆ." ಅಕ್ಕ ಅವರ ಎರಡೂ ಕೈ ಹಿಡಿದುಕೊಂಡರು. ಕ್ಷಮೆ ಎಂಬ ಮಾತು ಆಕೆಯ ಬಾಯಿಂದ ಪೂರ್ತಿ ಹೊರಬರಲಿಲ್ಲ, ದೊಡ್ಡಮ್ಮನೂ ಅದಕ್ಕೆ ಕಾಯಲಿಲ್ಲ.

ಭಾವ ಗೋಡೆಗೆ ಕೈಕೊಟ್ಟು ಉಸಿರು ಸುಧಾರಿಸಿಕೊಳ್ಳುತ್ತಿದ್ದರು. ಹೆಂಡತಿ ಹತ್ತಿರ ಬಂದಾಗ ಮುಖ ಎತ್ತಲಿಲ್ಲ. ಅಕ್ಕ ಪಕ್ಕದಲ್ಲಿ ನಿಂತರು.

"ನಡೀರಿ" ಎಂದರು ಆಮೇಲೆ. "ಆ ಕ್ಯಾಟಲಿಸ್ಟ್‌ಗೆ ಏನಾಗಿದೆ ಅಂತ ಇಬ್ಬರೂ ಕೂತು ನೋಡೋಣ."